ನೋಯದ ಕೀಲಿಗೆ ರಕ್ತದ ಚುಚ್ಚುಮದ್ದು

ಮಳೆಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ಡೆಂಗೆ ಜ್ವರದ ಮಾತು ಏಳುತ್ತದೆ. ಜ್ವರ ಎಷ್ಟು ಡಿಗ್ರಿ ಎಂದು ಕೇಳುವುದಕ್ಕಿಂತ ಮೊದಲು ‘ಪ್ಲೇಟ್‌ಲೆಟ್ ಎಷ್ಟಿದೆಯಂತೆ?’ ಎಂದು ವಿಚಾರಿಸುವ ನೆಂಟರೇ ಹೆಚ್ಚು. ವಿಜ್ಞಾನದ ಪುಸ್ತಕ ತೆರೆಯದವರ ಬಾಯಲ್ಲೂ ಹೀಗೆ ನೆಲೆಸಿಬಿಟ್ಟಿರುವ ಈ ಶಬ್ದ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಾಗಿಲಿನಿಂದಲೂ ಮನೆಯೊಳಕ್ಕೆ ಬರುತ್ತಿದೆ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಅಜ್ಜಿಗೆ, ಭುಜ ನೋಯುವ ಬೌಲರಿಗೆ, ಹಿಮ್ಮಡಿ ಉಳುಕಿದ ಓಟಗಾರನಿಗೆ ಅವರವರ ರಕ್ತವನ್ನೇ ತೆಗೆದು, ಅದರಿಂದ ಪ್ಲೇಟ್‌ಲೆಟ್‌ಗಳನ್ನು ಒಟ್ಟುಗೂಡಿಸಿ, ನೋಯುವ ಜಾಗಕ್ಕೆ ಚುಚ್ಚುವ ಚಿಕಿತ್ಸೆ ಅದು. ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾ ಎಂಬುದು ಅದರ ಪೂರ್ಣ ಹೆಸರು. ಆಸ್ಪತ್ರೆಯ ಫಲಕಗಳಲ್ಲಿ ಪಿಆರ್‌ಪಿ ಎಂಬ ಮೂರಕ್ಷರ.

‘ನಮ್ಮದೇ ರಕ್ತ ತಾನೆ, ಗುಣವಾಗದಿದ್ದರೂ ಕೆಡುಕಂತೂ ಇಲ್ಲ’ ಎಂಬ ಮಾತು ಈ ಚಿಕಿತ್ಸೆಯ ಬೆನ್ನಿಗೇ ಬರುತ್ತದೆ. ಈ ಮಾತನ್ನು ನಂಬಿಯೇ ಕ್ರೀಡೆಯಲ್ಲಿರುವ ಮಕ್ಕಳ ತಂದೆತಾಯಿಗಳಲ್ಲಿ ಕೆಲವರು ಇನ್ನೊಂದು ಹೆಜ್ಜೆ ಮುಂದೆ ಯೋಚಿಸುತ್ತಾರೆ. ಪೆಟ್ಟು ಬಿದ್ದ ಮೇಲೆ ಏಕೆ, ಮೊದಲೇ ಕೊಡಿಸಿ ಮಂಡಿಯನ್ನು ಗಟ್ಟಿ ಮಾಡಿಸಿದರಾಗದೆ? ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯವಾಗಿಯೇ ಇದೆ. ಆದರೆ ರೋಗವಿಲ್ಲದ ಕೀಲಿನೊಳಗೆ ಈ ದ್ರವ ಹೋದರೆ ಏನಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಅವರು ಕಂಡದ್ದು ಗಟ್ಟಿಯಾದ ಕೀಲನ್ನಲ್ಲ.

ಈ ಪ್ರಶ್ನೆ ಆರೋಗ್ಯವಂತರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ಮಂಡಿಯ ಮೃದ್ವಸ್ಥಿಯಲ್ಲಿ ಕಾಲಾಣೆಯಗಲದ ಒಂದು ಕಡೆ ಸವೆದಿದೆ ಎಂದಿಟ್ಟುಕೊಳ್ಳಿ. ಸೂಜಿಯಿಂದ ಹೋದ ದ್ರವ ಆ ಕಾಲಾಣೆಯ ಮೇಲಷ್ಟೇ ಕೂರುವುದಿಲ್ಲ. ಕೀಲಿನ ಇಡೀ ಕುಹರದಲ್ಲಿ ಹರಡಿ, ಸವೆಯದ ಮೃದ್ವಸ್ಥಿಯನ್ನೂ ಒಳಪೊರೆಯನ್ನೂ ನಡುವಿನ ಅಸ್ಥಿರಜ್ಜುಗಳನ್ನೂ ತೋಯಿಸುತ್ತದೆ. ರೋಗಿಯ ಕೀಲಿನಲ್ಲೂ ಬಹುಪಾಲು ಅಂಗಾಂಶ ಆರೋಗ್ಯವಾಗಿಯೇ ಇರಬಹುದು. ಅದರ ಗತಿಯೂ ಮುಖ್ಯ.

ಮಂಜುಗಡ್ಡೆಗಿಂತ ನುಣುಪು

ಮೊದಲು ಕೀಲಿನ ಒಳಗನ್ನು ಸ್ವಲ್ಪ ನೋಡೋಣ. ಮಂಡಿಯಲ್ಲಿ ತೊಡೆಯ ಮೂಳೆ ಮತ್ತು ಮೊಳಕಾಲಿನ ಮೂಳೆ ಒಂದನ್ನೊಂದು ನೇರವಾಗಿ ಮುಟ್ಟುವುದಿಲ್ಲ. ಎರಡರ ತುದಿಗೂ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ದಪ್ಪದ, ಎಳನೀರಿನ ಗಂಜಿಯಂತೆ ಬೆಳ್ಳಗೆ ಹೊಳೆಯುವ ಮೃದ್ವಸ್ಥಿಯ ಹೊದಿಕೆಯಿದೆ. ಇದರ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ಉಳಿದದ್ದು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಮತ್ತು ಆ ಬಲೆಯಲ್ಲಿ ಸಿಕ್ಕಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುವ ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳು. ಇವೆಲ್ಲವನ್ನೂ ನೋಡಿಕೊಳ್ಳುವ ಜೀವಕೋಶಗಳು ಗಾತ್ರದಲ್ಲಿ ನೂರಕ್ಕೆ ಐದು ಪಾಲೂ ಇಲ್ಲ. ದೊಡ್ಡ ಬಯಲಿನಲ್ಲಿ ದೂರ ದೂರಕ್ಕೆ ಒಂದೊಂದು ಒಂಟಿಮನೆ ಇದ್ದಂತೆ.

ಇಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಆಹಾರ ಮತ್ತು ಆಮ್ಲಜನಕ ಬರುವುದು ಮುಖ್ಯವಾಗಿ ಕೀಲುದ್ರವದಿಂದ. ಲೋಳೆಯಂಥ ಈ ದ್ರವ ಆರೋಗ್ಯವಂತ ಮಂಡಿಯಲ್ಲಿ ಇರುವುದು ಬರಿಯ ಕೆಲವು ಮಿಲಿಲೀಟರ್, ಒಂದು ಚಹಾ ಚಮಚದೊಳಗೆ. ಅಷ್ಟರಿಂದಲೇ ಕೀಲಿನ ಘರ್ಷಣೆ ಎಷ್ಟು ಕಡಿಮೆಯಾಗುತ್ತದೆಂದರೆ, ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಸಲೀಸಾಗಿ ಇಲ್ಲಿ ಮೂಳೆ ಜಾರುತ್ತದೆ. ಯಾವ ಕಾರ್ಖಾನೆಯ ಬೇರಿಂಗೂ ಎಪ್ಪತ್ತು ವರ್ಷ ಎಣ್ಣೆ ಬದಲಿಸದೆ ಹೀಗೆ ದುಡಿದಿಲ್ಲ.

ಈ ಅಂಗಾಂಶದ ಒಂದು ದೌರ್ಬಲ್ಯವನ್ನು 1743ರಲ್ಲಿಯೇ ಲಂಡನ್ನಿನ ವಿಲಿಯಂ ಹಂಟರ್ ಎಂಬ ಶರೀರರಚನಾ ಶಾಸ್ತ್ರಜ್ಞ ಗುರುತಿಸಿದ್ದ. ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಸರಿಹೋಗುವುದಿಲ್ಲ ಎಂದು ಅವನು ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಎರಡೂವರೆ ಶತಮಾನ ಕಳೆದ ಮೇಲೆ ಈ ಮಾತಿಗೆ ಸೊಗಸಾದ ಪುರಾವೆಯೊಂದು ದೊರಕಿತು. ಅದು ಬಂದದ್ದು ಅಣುಬಾಂಬಿನ ಕಡೆಯಿಂದ ಎಂಬುದು ಸ್ವಾರಸ್ಯ. 1950ರ ದಶಕದಿಂದ 1963ರವರೆಗೆ ದೊಡ್ಡ ದೇಶಗಳು ಬಯಲಿನಲ್ಲಿ ಬಾಂಬು ಸಿಡಿಸಿ ಪರೀಕ್ಷಿಸುತ್ತಿದ್ದುದರಿಂದ ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಹೆಚ್ಚುಕಡಿಮೆ ಎರಡರಷ್ಟಾಯಿತು. ಆಮೇಲೆ ನಿಧಾನವಾಗಿ ಇಳಿಯಿತು. ಗಿಡ ಆ ಕಾರ್ಬನ್ನನ್ನು ಹೀರಿತು, ಗಿಡ ತಿಂದ ಮನುಷ್ಯನ ಮೈಯಲ್ಲಿ ಅದು ಸೇರಿತು. ಆದ್ದರಿಂದ ಒಂದು ಅಂಗಾಂಶದಲ್ಲಿ ಕಾರ್ಬನ್-14 ಎಷ್ಟಿದೆ ಎಂದು ಅಳೆದರೆ ಅದು ಯಾವ ವರ್ಷದಲ್ಲಿ ಕಟ್ಟಿದ್ದೆಂದು ಹೇಳಬಹುದು. ಡೆನ್ಮಾರ್ಕಿನ ಸಂಶೋಧಕರು ಈ ಉಪಾಯದಿಂದ 2013ರಲ್ಲಿ ಹಿಮ್ಮಡಿಯ ದೊಡ್ಡ ಸ್ನಾಯುರಜ್ಜುವನ್ನೂ 2016ರಲ್ಲಿ ಮಂಡಿಯ ಮೃದ್ವಸ್ಥಿಯನ್ನೂ ಪರೀಕ್ಷಿಸಿದರು. ರಜ್ಜುವಿನ ತಿರುಳು ಸುಮಾರು 17 ವರ್ಷದ ಹೊತ್ತಿಗೆ ಕಟ್ಟಿ ಮುಗಿದದ್ದು, ಆಮೇಲೆ ಹೊಸದಾಗುವುದಿಲ್ಲವೆಂದೇ ಹೇಳಬೇಕು. ಮೃದ್ವಸ್ಥಿಯ ಕೊಲಾಜನ್ನಿನ ಕಥೆಯೂ ಅದೇ. ಹದಿಹರೆಯ ಮುಗಿಯುವುದರೊಳಗೆ ಕಟ್ಟಿಕೊಂಡ ಬಲೆಯಲ್ಲಿಯೇ ಮುಪ್ಪಿನವರೆಗೆ ಜೀವನ. ಸವೆತದ ರೋಗ ಬಂದವರಲ್ಲೂ ಈ ಬಲೆ ಹೊಸದಾಗಿರಲಿಲ್ಲ. ಬಲೆಯ ನಡುವಿನ ನೀರು ಹಿಡಿಯುವ ಅಣುಗಳು ಮಾತ್ರ ಆಗಾಗ ಹೊಸದಾಗುತ್ತಿರುತ್ತವೆ.

ಈಗ ಓದುತ್ತಿರುವ ಹೈಸ್ಕೂಲು ಹುಡುಗ ಹುಡುಗಿಯರು ತಮ್ಮ ಮಂಡಿಯ ಆಯುಷ್ಯದ ಬಂಡವಾಳವನ್ನು ಈ ವರ್ಷಗಳಲ್ಲೇ ಕಟ್ಟಿಕೊಳ್ಳುತ್ತಿದ್ದಾರೆ ಎಂದಾಯಿತು.

ಪುಟ್ಟ ತಟ್ಟೆಗಳ ಕೆಲಸ

ಇನ್ನು ಪ್ಲೇಟ್‌ಲೆಟ್. 1882ರಲ್ಲಿ ಇಟಲಿಯ ಜೂಲಿಯೊ ಬಿಟ್ಸೊಜೆರೊ ಜೀವಂತ ಪ್ರಾಣಿಗಳ ಕಿರುನಾಳಗಳಲ್ಲಿ ರಕ್ತ ಹರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ನಾಳಕ್ಕೆ ಗಾಯವಾದ ಕೂಡಲೇ ಅಲ್ಲಿ ಬಂದು ಅಂಟಿಕೊಳ್ಳುವ ಬಣ್ಣವಿಲ್ಲದ ಪುಟ್ಟ ತಟ್ಟೆಗಳನ್ನು ಕಂಡ. ತಟ್ಟೆಯೆಂಬ ಅರ್ಥದ ಹೆಸರನ್ನೇ ಅವಕ್ಕೆ ಇಟ್ಟ. ಎಲುಬಿನ ಮಜ್ಜೆಯಲ್ಲಿರುವ ದೈತ್ಯ ಕೋಶಗಳಿಂದ ಇವು ಚೂರುಚೂರಾಗಿ ಕಳಚಿ ಬರುತ್ತವೆ. ಅಡ್ಡಳತೆ 2ರಿಂದ 4 ಮೈಕ್ರಾನ್, ಒಳಗೆ ಕೋಶಕೇಂದ್ರವಿಲ್ಲ, ಆಯುಸ್ಸು ಒಂದು ವಾರದಿಂದ ಹತ್ತು ದಿನ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ.

ಗಾಯದ ಬಾಯಿ ಮುಚ್ಚುವುದು ಇವುಗಳ ಮೊದಲ ಕೆಲಸ. ಎರಡನೆಯ ಕೆಲಸ ಬೆಳಕಿಗೆ ಬಂದದ್ದು 1974ರಲ್ಲಿ, ಅದೂ ಒಂದು ಸಣ್ಣ ವಿಚಿತ್ರವನ್ನು ಬೆನ್ನಟ್ಟಿ ಹೋದಾಗ. ಪ್ರಯೋಗಾಲಯದ ಬಟ್ಟಲುಗಳಲ್ಲಿ ಕೋಶಗಳನ್ನು ಬೆಳೆಸುವವರು ಅವಕ್ಕೆ ಸೀರಂ ಉಣಿಸುತ್ತಾರೆ. ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ತೇಲುವ ತಿಳಿ. ಹೆಪ್ಪುಗಟ್ಟದಂತೆ ತಡೆದು, ಕಣಗಳನ್ನೆಲ್ಲ ತೆಗೆದು ಪಡೆದ ತಿಳಿ ಪ್ಲಾಸ್ಮಾ. ನೋಡಲು ಎರಡೂ ಒಂದೇ. ಆದರೆ ಸೀರಂ ಕುಡಿದ ಕೋಶಗಳು ಹುಲುಸಾಗಿ ಬೆಳೆದರೆ ಪ್ಲಾಸ್ಮಾ ಕುಡಿದವು ಬೆಳೆಯಲಿಲ್ಲ. ಅಂದಮೇಲೆ ಹೆಪ್ಪುಗಟ್ಟುವಾಗ ಏನೋ ಹೊರಬಿದ್ದಿರಬೇಕು. ಅಮೆರಿಕದ ರಸೆಲ್ ರಾಸ್ ಮತ್ತು ಜೊತೆಗಾರರು ಆ ‘ಏನೋ’ ಪ್ಲೇಟ್‌ಲೆಟ್‌ನಿಂದ ಬಂದದ್ದೆಂದು ತೋರಿಸಿದರು. ಇಂಥ ಬೆಳವಣಿಗೆಕಾರಕ ಪ್ರೋಟೀನುಗಳು ಪ್ಲೇಟ್‌ಲೆಟ್‌ನ ಒಳಗಿನ ಸಣ್ಣ ಚೀಲಗಳಲ್ಲಿ ಹಲವು ಇವೆ. ಕೋಶ ವಿಭಜನೆಯನ್ನು ಪ್ರಚೋದಿಸುವಂಥವು, ಹೊಸ ರಕ್ತನಾಳಗಳನ್ನು ಕರೆಯುವಂಥವು, ಗಾಯದ ಕಲೆಯ ಅಂಗಾಂಶವನ್ನು ಕಟ್ಟಿಸುವಂಥವು. ಇವುಗಳ ಜೊತೆಗೆ ಬಿಳಿರಕ್ತಕಣಗಳನ್ನು ಕೂಗಿ ಕರೆಯುವ ರಾಸಾಯನಿಕಗಳೂ ಇವೆ.

ಈ ಕೊನೆಯದನ್ನು ಮರೆಯಬಾರದು. ಪ್ಲೇಟ್‌ಲೆಟ್ ಒಡೆಯಿತೆಂದರೆ ಶರೀರಕ್ಕೆ ಅದು ‘ಇಲ್ಲಿ ಗಾಯವಾಗಿದೆ’ ಎಂಬ ಸುದ್ದಿ. ಕೆಂಪಾಗುವುದು, ಊದುವುದು, ಬಿಸಿಯೇರುವುದು, ನೋಯುವುದು, ಅಂದರೆ ಉರಿಯೂತ, ವಾಸಿಯಾಗುವ ಕ್ರಿಯೆಯ ಮೊದಲ ಮೆಟ್ಟಿಲು. ನಿಜವಾಗಿ ಗಾಯವಿದ್ದಾಗ ಅದು ಬೇಕಾದದ್ದೇ.

ಹಾಲಿನಿಂದ ಕೆನೆ

ಡೈರಿಯಲ್ಲಿ ಹಾಲನ್ನು ಗಿರಗಿರನೆ ತಿರುಗಿಸಿ ಕೆನೆ ಬೇರ್ಪಡಿಸುವ ಯಂತ್ರವನ್ನು ನೋಡಿದವರಿಗೆ ಪಿಆರ್‌ಪಿ ತಯಾರಿಸುವ ಕ್ರಮ ಬೇಗ ಅರ್ಥವಾಗುತ್ತದೆ. ರೋಗಿಯ ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ತಿರುಗಿಸುತ್ತಾರೆ. ಭಾರವಾದ ಕೆಂಪುಕಣಗಳು ತಳಕ್ಕೆ ಇಳಿಯುತ್ತವೆ. ಮೇಲೆ ಹೊಂಬಣ್ಣದ ಪ್ಲಾಸ್ಮಾ. ಎರಡರ ನಡುವೆ ತೆಳ್ಳಗೆ, ಬೂದುಬಿಳಿ ಬಣ್ಣದ ಒಂದು ಪದರ, ಬಿಳಿಕಣಗಳು ಮತ್ತು ಪ್ಲೇಟ್‌ಲೆಟ್‌ಗಳದು. ಎಷ್ಟು ವೇಗ, ಎಷ್ಟು ನಿಮಿಷ, ಒಂದು ಸುತ್ತೋ ಎರಡೋ, ನಡುಪದರದ ಎಷ್ಟು ಭಾಗವನ್ನು ಹೀರಿಕೊಳ್ಳಬೇಕು ಎಂಬುದರ ಮೇಲೆ ಕೊನೆಗೆ ಸಿಗುವ ವಸ್ತು ಬದಲಾಗುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಘನ ಮಿಲಿಮೀಟರಿಗೆ 2.5 ಲಕ್ಷ ಪ್ಲೇಟ್‌ಲೆಟ್ ಇರುವವರ 30 ಮಿಲಿಲೀಟರ್ ರಕ್ತದಲ್ಲಿ ಒಟ್ಟು 750 ಕೋಟಿ ಪ್ಲೇಟ್‌ಲೆಟ್‌ಗಳಿರುತ್ತವೆ. ಅಷ್ಟೂ 5 ಮಿಲಿಲೀಟರಿಗೆ ಬಂದರೆ ಸಾಂದ್ರತೆ 15 ಲಕ್ಷ. ಮೂರನೇ ಒಂದು ಪಾಲು ಯಂತ್ರದಲ್ಲಿ ನಷ್ಟವಾಯಿತೆಂದರೆ 10 ಲಕ್ಷ, ಅಂದರೆ ರಕ್ತದಲ್ಲಿ ಇದ್ದುದರ ನಾಲ್ಕರಷ್ಟು. ಈಗ 1.5 ಲಕ್ಷದವರಿಗೂ 4 ಲಕ್ಷದವರಿಗೂ ಇದೇ ಲೆಕ್ಕ ಹಾಕಿ. ಒಬ್ಬರಿಗೆ 6 ಲಕ್ಷ, ಇನ್ನೊಬ್ಬರಿಗೆ 16 ಲಕ್ಷ. ಇಬ್ಬರ ಚೀಟಿಯಲ್ಲೂ ಬರೆದಿರುವುದು ಪಿಆರ್‌ಪಿ ಎಂದೇ. ಪ್ಯಾರಸಿಟಮಾಲ್ ಮಾತ್ರೆಯ ಮೇಲೆ 500 ಮಿಲಿಗ್ರಾಂ ಎಂದು ಅಚ್ಚಾಗಿರುವಂತೆ ಇಲ್ಲಿ ಪ್ರಮಾಣದ ಗುರುತಿಲ್ಲ. ಬಿಳಿಕಣಗಳು ಎಷ್ಟು ಬೆರೆತಿವೆ, ಕೆಂಪುಕಣಗಳು ಎಷ್ಟು ಉಳಿದಿವೆ ಎಂಬುದಂತೂ ಎಣಿಸಿ ನೋಡದೆ ತಿಳಿಯುವಂಥದ್ದಲ್ಲ.

ಈ ಚಿಕಿತ್ಸೆಗೆ ಹೆಸರು ತಂದುಕೊಟ್ಟದ್ದು ದವಡೆಯ ಶಸ್ತ್ರಚಿಕಿತ್ಸೆ. ಮಯಾಮಿಯ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು ದವಡೆಗೆ ಮೂಳೆಯ ತುಂಡು ಕಸಿ ಮಾಡುವಾಗ ಪಿಆರ್‌ಪಿ ಬೆರೆಸಿದರೆ ಮೂಳೆ ಬೇಗ ಕೂಡಿಕೊಳ್ಳುವುದೆಂದು 1998ರಲ್ಲಿ ವರದಿ ಮಾಡಿದರು. ಗಮನಿಸಬೇಕಾದದ್ದು, ಅಲ್ಲಿ ಕತ್ತರಿಸಿದ ಗಾಯವಿತ್ತು, ರಕ್ತ ಹರಿಯುತ್ತಿತ್ತು, ಕಟ್ಟಬೇಕಾದ ಮೂಳೆಯಿತ್ತು. ಅಲ್ಲಿಂದ ಕೀಲಿನ ಒಳಗೆ, ರಕ್ತನಾಳವೇ ಇಲ್ಲದ ಮೃದ್ವಸ್ಥಿಯ ಕಡೆಗೆ ಈ ಚಿಕಿತ್ಸೆ ನಡೆದುಬಂದದ್ದು ಪುರಾವೆಗಿಂತ ಹೆಚ್ಚು ಆಸೆಯ ಬಲದಿಂದ ಎನ್ನಬೇಕಾಗುತ್ತದೆ.

ಕುದುರೆ, ಮೊಲ, ಇಲಿ

ಆರೋಗ್ಯವಂತ ಮನುಷ್ಯನ ಕೀಲಿಗೆ ಚುಚ್ಚಿ, ಆಮೇಲೆ ಅದರ ಚೂರು ಕತ್ತರಿಸಿ ನೋಡುವುದನ್ನು ಯಾವ ನೀತಿಸಮಿತಿಯೂ ಒಪ್ಪುವುದಿಲ್ಲ. ಹೀಗಾಗಿ ಪ್ರಶ್ನೆಯ ಉತ್ತರ ಬಹುಪಾಲು ಪ್ರಾಣಿಗಳಿಂದ ಬಂದಿದೆ.

ಕುದುರೆಗಳಿಗೂ ಕೀಲುನೋವು ಮನುಷ್ಯರಂತೆಯೇ ಕಾಡುತ್ತದೆ. ಪಂದ್ಯದ ಕುದುರೆಗಳಿಗಂತೂ ಪಿಆರ್‌ಪಿ ಕೊಡುವ ರೂಢಿ ಬಹಳ ಬೇಗ ಹಬ್ಬಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ಪಶುವೈದ್ಯರು ರೋಗವಿಲ್ಲದ ಕುದುರೆಗಳ ಕಾಲಿನಲ್ಲಿ, ಗೊರಸಿನ ಮೇಲ್ಗಡೆಯ ಕೀಲಿಗೆ ಈ ದ್ರವವನ್ನು ಚುಚ್ಚಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಕೀಲುಗಳಿಗೆ ಪ್ಲೇಟ್‌ಲೆಟ್‌ಗಳನ್ನು ಇದ್ದಂತೆಯೇ ಕೊಟ್ಟರು. ಕೆಲವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್‌ನಿಂದ, ಇನ್ನು ಕೆಲವಕ್ಕೆ ಹೆಪ್ಪುಗಟ್ಟಿಸುವ ಥ್ರಾಂಬಿನ್‌ನಿಂದ ಕೆರಳಿಸಿ ಕೊಟ್ಟರು. ಹೋಲಿಕೆಗೆ ಸಲೈನ್, ಅಂದರೆ ಉಪ್ಪುನೀರು. ಚುಚ್ಚಿಸಿಕೊಂಡ ಕೀಲುಗಳಲ್ಲಿ ಒಂದು ದಿನದೊಳಗೆ ನೀರು ತುಂಬಿ, ಕೀಲುದ್ರವದಲ್ಲಿ ಬಿಳಿಕಣಗಳು ಏರಿ, ಕೆಲವು ದಿನಗಳಲ್ಲಿ ಇಳಿದವು. ಉಳಿದವುಗಳಲ್ಲಿ ಇದು ಸೌಮ್ಯವಾಗಿತ್ತು. ಥ್ರಾಂಬಿನ್ ಬೆರೆಸಿದ್ದರಲ್ಲಿ ಮಾತ್ರ ಕೆರಳಿಕೆ ಹೆಚ್ಚು.

ಮೊಲಗಳ ಮೇಲಿನ ಪ್ರಯೋಗಗಳೂ ಇದೇ ದಿಕ್ಕಿನಲ್ಲಿವೆ. 2012ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಆರೋಗ್ಯವಂತ ಮೊಲಗಳ ಅಂಗಾಂಶಗಳಿಗೇ ಪಿಆರ್‌ಪಿ ಚುಚ್ಚಿ ನೋಡಿದವು. ಒಂದರಲ್ಲಿ ಪೆಟ್ಟೇ ಬೀಳದ ಮೃದು ಅಂಗಾಂಶಗಳಲ್ಲಿ ಉರಿಯೂತ ಕಾಣಿಸಿಕೊಂಡಿತು. ಇನ್ನೊಂದು ಮಂಡಿಚಿಪ್ಪಿನ ಕೆಳಗಿನ ಆರೋಗ್ಯವಂತ ರಜ್ಜುವಿನಲ್ಲಿ ಎರಡು ಬಗೆಯ ಪಿಆರ್‌ಪಿಯನ್ನು ಹೋಲಿಸಿತು. ಬಿಳಿಕಣಗಳು ಹೆಚ್ಚಿದ್ದ ಬಗೆ ಐದನೆಯ ದಿನಕ್ಕೆ ಹೆಚ್ಚು ಉರಿಯೂತ ಎಬ್ಬಿಸಿತ್ತು. ಹದಿನಾಲ್ಕನೆಯ ದಿನಕ್ಕೆ ಎರಡರ ನಡುವಿನ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಅಂದರೆ ಕೆರಳಿಕೆ ಶಾಶ್ವತವಲ್ಲ, ಸಮಾಧಾನದ ವಿಷಯವೇ. ಆದರೆ ಆರೋಗ್ಯವಂತ ರಜ್ಜು ಚುಚ್ಚಿಸಿಕೊಂಡು ಮೊದಲಿಗಿಂತ ಬಲವಾಯಿತು ಎಂಬ ಸುದ್ದಿ ಇಲ್ಲಿ ಇಲ್ಲ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎಂಬ ಗಾದೆ ಇಂಥ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ.

ಇಲಿಗಳ ಕಥೆ ಹೆಚ್ಚು ಗಂಭೀರವಾದದ್ದು. ಪ್ಲೇಟ್‌ಲೆಟ್ ಚೀಲಗಳಲ್ಲಿರುವ ಒಂದು ಮುಖ್ಯ ಕಾರಕ ಟಿಜಿಎಫ್-ಬೀಟಾ. ನೆದರ್ಲೆಂಡ್ಸ್‌ನ ನೈಮೇಖನ್ ನಗರದ ಸಂಶೋಧಕರು 1994ರಲ್ಲಿ ಇದನ್ನು ಆರೋಗ್ಯವಂತ ಸಣ್ಣಿಲಿಗಳ ಮಂಡಿಗೆ ಚುಚ್ಚಿದ ಪ್ರಯೋಗ ಪ್ರಕಟಿಸಿದರು. ಮೃದ್ವಸ್ಥಿಯಲ್ಲಿ ನೀರು ಹಿಡಿಯುವ ಅಣುಗಳ ತಯಾರಿಕೆ ಹೆಚ್ಚಿತು. ಇದು ಒಳ್ಳೆಯ ಸುದ್ದಿಯೇ. ಆದರೆ ಪದೇ ಪದೇ ಚುಚ್ಚಿದಾಗ ಕೀಲಿನ ಅಂಚುಗಳಲ್ಲಿ ಮೂಳೆಯ ಮುಳ್ಳುಗಳು ಎದ್ದವು. ಕೀಲುಸವೆತದ ರೋಗಿಗಳ ಎಕ್ಸ್‌ರೇಯಲ್ಲಿ ಕಾಣುವುದು ಇಂಥವೇ ಮುಳ್ಳುಗಳು. ಶುದ್ಧ ರೂಪದಲ್ಲಿ, ದೊಡ್ಡ ಪ್ರಮಾಣದಲ್ಲಿ ಕೊಟ್ಟ ಒಂದೇ ಕಾರಕಕ್ಕೂ ಹಲವು ಕಾರಕಗಳು ಸ್ವಲ್ಪಸ್ವಲ್ಪ ಬೆರೆತ ಪಿಆರ್‌ಪಿಗೂ ವ್ಯತ್ಯಾಸವಿದೆ. ಇಲಿಗಾದದ್ದೇ ಮನುಷ್ಯನಿಗೂ ಆಗುತ್ತದೆಂದು ಹೇಳಲು ಬರುವುದಿಲ್ಲ. ಆದರೂ ‘ಬೆಳವಣಿಗೆ’ ಎಂಬ ಪದವನ್ನು ಕೇಳಿ ಮನಸೋಲುವವರು ಬೆಳೆಯುವುದು ಏನು, ಎಲ್ಲಿ ಎಂದು ಕೇಳಲೇಬೇಕು.

ರಕ್ತ ಒಳಗೆ ನುಗ್ಗಿದರೆ

ಕೆಂಪುಕಣಗಳ ಮಾತು ಬಂದಾಗ ಇನ್ನೊಂದು ವಿಷಯ ನೆನಪಿಡಬೇಕು. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ ಮಕ್ಕಳಲ್ಲಿ ಮಂಡಿ, ಮೊಣಕೈಗಳೊಳಗೆ ಮತ್ತೆ ಮತ್ತೆ ರಕ್ತ ಸೋರಿ ಕೀಲು ಹಾಳಾಗುವುದನ್ನು ವೈದ್ಯರು ಮೊದಲಿನಿಂದ ನೋಡುತ್ತ ಬಂದಿದ್ದಾರೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ಸಂಶೋಧಕರು ಮನುಷ್ಯನ ಮೃದ್ವಸ್ಥಿಯ ತುಣುಕುಗಳನ್ನು ನಾಲ್ಕು ದಿನ ರಕ್ತದಲ್ಲಿಟ್ಟು, ಆಮೇಲೆ ತೊಳೆದು ಗಮನಿಸಿದರು. ಕೋಶಗಳು ತಮ್ಮ ಕೆಲಸಕ್ಕೆ ಸರಿಯಾಗಿ ಮರಳಲೇ ಇಲ್ಲ. ಕಾರಣ ಪಿಯುಸಿ ರಸಾಯನಶಾಸ್ತ್ರದ ಮಟ್ಟದ್ದು. ಒಡೆದ ಕೆಂಪುಕಣಗಳ ಕಬ್ಬಿಣ, ಮೃದ್ವಸ್ಥಿಯ ಕೋಶಗಳು ಉರಿಯೂತದಲ್ಲಿ ಹೊರಬಿಡುವ ಹೈಡ್ರೋಜನ್ ಪೆರಾಕ್ಸೈಡಿನೊಂದಿಗೆ ವರ್ತಿಸಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಉಗ್ರ ಕಣ ಹುಟ್ಟುತ್ತದೆ. ಅದು ಪಕ್ಕದಲ್ಲಿರುವ ಕೋಶವನ್ನೇ ಕೊಲ್ಲುತ್ತದೆ. ಅದೇ ತಂಡ 2003ರಲ್ಲಿ ನಾಯಿಗಳ ಮೇಲಿನ ಅಧ್ಯಯನದಲ್ಲಿ, ಬಲಿತ ಮೃದ್ವಸ್ಥಿಗಿಂತ ಎಳೆಯ ಮೃದ್ವಸ್ಥಿಗೆ ರಕ್ತದಿಂದ ಆಗುವ ಹಾನಿ ಹೆಚ್ಚೆಂದು ಕಂಡಿತು.

ಸರಿಯಾಗಿ ತಯಾರಿಸಿದ ಪಿಆರ್‌ಪಿಯಲ್ಲಿ ಕೆಂಪುಕಣಗಳು ಬಹಳ ಕಡಿಮೆ. ಅಜಾಗರೂಕತೆಯಿಂದ ತಯಾರಿಸಿದ್ದು ಕೆಂಪಗೇ ಇರುತ್ತದೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನುಷ್ಯರ ಕೀಲುಪೊರೆಯ ಕೋಶಗಳನ್ನು ಬಟ್ಟಲಿನಲ್ಲಿ ಬೆಳೆಸಿ, ಅವಕ್ಕೆ ಬಗೆಬಗೆಯ ಪಿಆರ್‌ಪಿ ಹಾಗೂ ಕೆಂಪುಕಣಗಳನ್ನು ಬೆರೆಸಿದಾಗ, ಬಿಳಿಕಣ ಹೆಚ್ಚಿದ್ದ ಪಿಆರ್‌ಪಿಯೂ ಕೆಂಪುಕಣಗಳೂ ಗಣನೀಯ ಸಂಖ್ಯೆಯ ಕೋಶಗಳನ್ನು ಕೊಂದವು. ‘ನಮ್ಮದೇ ರಕ್ತ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ರಕ್ತ ನಾಳದೊಳಗಿದ್ದರೆ ಚೆಂದ, ಕೀಲಿನೊಳಗೆ ಅದು ಪರಕೀಯ.

ರೋಗವಿದ್ದವರ ವಿಚಾರ

ಹಾಗೆಂದು ಈ ಚಿಕಿತ್ಸೆಯನ್ನು ಬರಿಯ ಮೋಸವೆಂದು ತಳ್ಳಿಹಾಕುವುದು ಅನ್ಯಾಯ. ಮೊಣಕೈಯ ಹೊರಬದಿಯ ರಜ್ಜುವಿನ ದೀರ್ಘಕಾಲದ ನೋವಿಗೆ 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ 100 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಒಂದು ವರ್ಷದ ಕೊನೆಗೆ ಸ್ಟೀರಾಯ್ಡ್ ಚುಚ್ಚುಮದ್ದಿಗಿಂತ ಪಿಆರ್‌ಪಿ ಮೇಲಾಗಿತ್ತು. ನಮ್ಮ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು ಎರಡೂ ಮಂಡಿ ಸವೆದ 78 ರೋಗಿಗಳಲ್ಲಿ ಒಂದು ಚುಚ್ಚು, ಎರಡು ಚುಚ್ಚು, ಬರಿಯ ಸಲೈನ್ ಎಂದು ಮೂರು ಗುಂಪು ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಜಗತ್ತಿನೆಲ್ಲೆಡೆ ಉಲ್ಲೇಖಿಸುತ್ತಾರೆ. ಆರು ತಿಂಗಳವರೆಗೆ ಪಿಆರ್‌ಪಿ ಪಡೆದವರ ನೋವು ಸಲೈನ್ ಪಡೆದವರಿಗಿಂತ ಕಡಿಮೆಯಿತ್ತು. ಒಂದಕ್ಕೂ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆರನೆಯ ತಿಂಗಳ ಹೊತ್ತಿಗೆ ಗುಣ ಸ್ವಲ್ಪ ಇಳಿಮುಖವಾಗಿತ್ತು.

ಆಮೇಲೆ 2021ರ ಕೊನೆಯಲ್ಲಿ ಆಸ್ಟ್ರೇಲಿಯಾದಿಂದ ತಣ್ಣೀರೆರಚುವ ವರದಿ ಬಂತು. ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳಲ್ಲಿ 50 ದಾಟಿದ, ಮಂಡಿಸವೆತವಿರುವ 288 ಮಂದಿಗೆ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು. ಅರ್ಧ ಜನರಿಗೆ ಪಿಆರ್‌ಪಿ, ಉಳಿದವರಿಗೆ ಸಲೈನ್. ಯಾರಿಗೆ ಯಾವುದೆಂದು ರೋಗಿಗೆ ಗೊತ್ತಿರಲಿಲ್ಲ. ಒಂದು ವರ್ಷ ಕಳೆದ ಮೇಲೆ ಹತ್ತರ ಅಳತೆಯಲ್ಲಿ ನೋವು ಪಿಆರ್‌ಪಿ ಗುಂಪಿನಲ್ಲಿ 2.1ರಷ್ಟು ಇಳಿದಿತ್ತು, ಉಪ್ಪುನೀರಿನ ಗುಂಪಿನಲ್ಲಿ 1.8ರಷ್ಟು. ಎಂ.ಆರ್.ಐ.ಯಲ್ಲಿ ಅಳೆದ ಮೃದ್ವಸ್ಥಿಯ ಗಾತ್ರ ಮೊದಲ ಗುಂಪಿನಲ್ಲಿ ಶೇಕಡಾ 1.4, ಎರಡನೆಯದರಲ್ಲಿ ಶೇಕಡಾ 1.2 ಕರಗಿತ್ತು. ಈ ಅಂತರಗಳಿಗೆ ಸಂಖ್ಯಾಶಾಸ್ತ್ರದಲ್ಲಿ ಬೆಲೆಯಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ಹಿಮ್ಮಡಿಯ ರಜ್ಜುನೋವಿನ 240 ಜನರ ಮೇಲೆ ನಡೆದ ಪರೀಕ್ಷೆಯೂ ಹುಸಿ ಚುಚ್ಚುಮದ್ದಿಗಿಂತ ಪಿಆರ್‌ಪಿ ಮೇಲೆಂದು ತೋರಿಸಲಿಲ್ಲ.

ಉಪ್ಪುನೀರಿನಿಂದಲೂ ನೋವು ಇಳಿಯಿತೆಂಬುದನ್ನು ಕಂಡು ಕೆಲವರಿಗೆ ನಗು ಬರಬಹುದು. ನಂಬಿಕೆಯ ಬಲ, ತಾನಾಗಿ ಏರಿಳಿಯುವ ನೋವಿನ ಸ್ವಭಾವ ಎರಡೂ ಅಲ್ಲಿ ಸೇರಿವೆ. ಪಕ್ಕದ ಮನೆಯವರಿಗೆ ‘ಚುಚ್ಚಿಸಿಕೊಂಡು ಗುಣವಾಯಿತು’ ಎಂಬ ಅನುಭವ ಸುಳ್ಳಲ್ಲ. ಗುಣವಾದದ್ದು ಚುಚ್ಚಿದ ವಸ್ತುವಿನಿಂದಲೇ ಎಂಬುದು ಮಾತ್ರ ಅದರಿಂದ ಸಿದ್ಧವಾಗುವುದಿಲ್ಲ.

ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ತನ್ನ ಮಾರ್ಗಸೂಚಿಯಲ್ಲಿ ಮಂಡಿ ಮತ್ತು ಸೊಂಟದ ಕೀಲುಸವೆತಕ್ಕೆ ಪಿಆರ್‌ಪಿ ಬೇಡವೆಂದು ಬಲವಾಗಿಯೇ ಹೇಳಿತು. ತಯಾರಿಕೆಗೆ ಒಂದು ಮಾನದಂಡವಿಲ್ಲ ಎಂಬುದು ಅದು ಕೊಟ್ಟ ಕಾರಣ. ಬ್ರಿಟನ್ನಿನ ಆರೋಗ್ಯ ಮಂಡಳಿ ಅದೇ ವರ್ಷ ಮಂಡಿಸವೆತದ ಬಗ್ಗೆ ಮೆದುವಾಗಿ ಮಾತಾಡಿತು. ದೊಡ್ಡ ಅಪಾಯ ಕಂಡಿಲ್ಲ, ಆದರೆ ಗುಣದ ಪುರಾವೆ ಸಾಲದು ಎಂದಿತು.

ಆಟದಂಗಳದಿಂದ ಮನೆಯಂಗಳಕ್ಕೆ

ಇಷ್ಟೆಲ್ಲ ಅನುಮಾನಗಳಿದ್ದರೂ ಪಿಆರ್‌ಪಿ ಮನೆಮಾತಾದದ್ದು ಆಟಗಾರರಿಂದ. 2009ರ ಫೆಬ್ರುವರಿಯಲ್ಲಿ ಅಮೆರಿಕದ ಫುಟ್‌ಬಾಲಿನ ಮಹಾಪಂದ್ಯಕ್ಕೆ ಮುನ್ನ ಹೈನ್ಸ್ ವಾರ್ಡ್ ಎಂಬ ಆಟಗಾರ ಮಂಡಿಯ ಅಸ್ಥಿರಜ್ಜುವಿಗೆ ಪೆಟ್ಟು ಮಾಡಿಕೊಂಡು, ಪಿಆರ್‌ಪಿ ಪಡೆದು, ಆಟವಾಡಿದ. ತಂಡವೂ ಗೆದ್ದಿತು. ಒಬ್ಬನ ಒಂದು ಗೆಲುವು ವಿಜ್ಞಾನದಲ್ಲಿ ಪುರಾವೆಯಲ್ಲ, ಪತ್ರಿಕೆಗಳಿಗೆ ಮಾತ್ರ ಒಳ್ಳೆಯ ಸುದ್ದಿ. ಮರುವರ್ಷ, 2010ರಲ್ಲಿ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಸ್ನಾಯುವಿನೊಳಗೆ ಪಿಆರ್‌ಪಿ ಚುಚ್ಚುವುದನ್ನು ನಿಷೇಧಿಸಿತು. 2011ರಲ್ಲಿ ನಿಷೇಧ ತೆಗೆಯಿತು. ಚಿಕಿತ್ಸೆಯನ್ನು ಮೀರಿ ಆಟದ ಸಾಮರ್ಥ್ಯ ಹೆಚ್ಚಿಸುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ ಎಂಬುದೇ ಕಾರಣ. ಆರೋಗ್ಯವಂತ ಮಗುವಿಗೆ ಬಲ ತುಂಬಿಸಲು ಹೊರಟವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಆಟವಾಡುವ ಹುಡುಗನ ಮಂಡಿ ನೋಯುತ್ತಿದ್ದರೆ? ಮೊದಲು ತಿಳಿಯಬೇಕಾದದ್ದು, ಹದಿಹರೆಯದ ಮಂಡಿನೋವು ಅಜ್ಜಿಯ ಮಂಡಿನೋವಲ್ಲ. ಎತ್ತರ ಬೆಳೆಯುವ ಕಾಲದಲ್ಲಿ ಮೂಳೆಯ ತುದಿಯ ಬಳಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪಟ್ಟಿಗಳಿರುತ್ತವೆ. ಮಂಡಿಚಿಪ್ಪಿನ ಕೆಳಗಿನ ರಜ್ಜು ಮೊಳಕಾಲಿನ ಮೂಳೆಗೆ ಅಂಟುವ ಉಬ್ಬು ಕೂಡ ಅಂಥದೇ ಎಳೆಯ ಜಾಗ. ಓಡಿ, ನೆಗೆದು, ಕಬಡ್ಡಿಯಲ್ಲಿ ಮಂಡಿಯೂರಿ, ಈ ಉಬ್ಬಿನ ಮೇಲೆ ಎಳೆತ ಬಿದ್ದಾಗ ಅಲ್ಲಿ ನೋವು, ಬಾವು ಬರುತ್ತದೆ. 1903ರಲ್ಲಿ ಅಮೆರಿಕದ ಆಸ್‌ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಶ್ಲಾಟರ್ ಬೇರೆ ಬೇರೆಯಾಗಿ ಇದನ್ನು ವರ್ಣಿಸಿದ್ದರಿಂದ ಇಬ್ಬರ ಹೆಸರೂ ಇದಕ್ಕೆ ಅಂಟಿದೆ. ಇಲ್ಲಿ ಸವೆದ ಮೃದ್ವಸ್ಥಿಯಿಲ್ಲ, ಕೀಲಿನೊಳಗೆ ರೋಗವಿಲ್ಲ. ಮೇಲೆ ಹೇಳಿದ ದೊಡ್ಡ ಪರೀಕ್ಷೆಗಳೆಲ್ಲ ನಡೆದದ್ದು ಬೆಳೆದು ನಿಂತವರ ಮೇಲೆ. ಅವುಗಳಲ್ಲಿ ಬಂದ ಅಂಕಿಗಳನ್ನು ಹದಿಮೂರರ ಹುಡುಗನಿಗೆ ಅನ್ವಯಿಸಲಾಗದು.

ಮೂಳೆತಜ್ಞರು ಹೇಳುವ ಉಪಚಾರ ಸರಳ. ಕೆಲವು ವಾರ ನೆಗೆತ ಓಟ ಕಡಿಮೆ ಮಾಡುವುದು, ಆಟದ ನಂತರ ಮಂಜುಗಡ್ಡೆಯ ಚೀಲ ಇಡುವುದು, ತೊಡೆಯ ಮುಂದಿನ ಹಿಂದಿನ ಸ್ನಾಯುಗಳನ್ನು ದಿನವೂ ಹಿಗ್ಗಿಸಿ ಬಲಪಡಿಸುವುದು. ರಾತ್ರಿ ನಿದ್ದೆಗೆಡಿಸುವ ನೋವು, ಜ್ವರ, ಕೀಲು ಊದಿ ಬಿಗಿಯುವುದು, ಕಾಲೂರಲಾಗದಿರುವುದು, ಇವಿದ್ದರೆ ಮಾತ್ರ ಬೇರೆ ಕಾಯಿಲೆಯ ಶಂಕೆಯಿಂದ ತಡಮಾಡದೆ ತೋರಿಸಬೇಕು. ಉಳಿದಂತೆ ಹುಡುಗಿಯರಲ್ಲಿ ಸಾಮಾನ್ಯವಾಗಿ ಹದಿನಾಲ್ಕರಿಂದ ಹದಿನಾರು, ಹುಡುಗರಲ್ಲಿ ಹದಿನಾರರಿಂದ ಹದಿನೆಂಟರ ಹೊತ್ತಿಗೆ ಆ ಎಳೆಯ ಉಬ್ಬು ಮೂಳೆಗೆ ಕೂಡಿ ಗಟ್ಟಿಯಾಗುತ್ತದೆ, ನೋವೂ ನಿಲ್ಲುತ್ತದೆ. ಕೆಲವರಿಗೆ ಮಂಡಿಯ ಕೆಳಗೆ ಅಡಿಕೆಯಷ್ಟು ಒಂದು ಗಂಟು ಉಳಿಯುತ್ತದೆ. ನೆಲದ ಮೇಲೆ ಮಂಡಿಯೂರಿದಾಗ ಒತ್ತುತ್ತದೆ, ಅಷ್ಟೇ.